ಹಗ್ಗದ ಆ ತುದಿ

ಹೊಸನಗರದ ಪ್ರೌಢಶಾಲೆಯಲ್ಲಿ ನನ್ನ ಬೋಧನಾಭ್ಯಾಸದ ನಾಲ್ಕನೆಯ ಪಾಠ. ಒಂಬತ್ತನೇ ತರಗತಿ, ಪ್ರತಿಧ್ವನಿ. 17.2 ಮೀಟರಿನ ಲೆಕ್ಕ ಮುಗಿಸಿದಾಗ ಒಬ್ಬ ಹುಡುಗಿ ಎದ್ದು, "ಪ್ರತಿಧ್ವನಿ ಬರದ ಹಾಗೆ ಮಾಡೋದು ಹೇಗೆ ಸರ್?" ಎಂದಳು. "ಪರದೆ ಹಾಕಿದ್ರೆ ಹೀರಿಕೊಳ್ಳುತ್ತೆ" ಎಂದೆ. "ಯಾಕೆ ಹೀರಿಕೊಳ್ಳುತ್ತೆ?" ಗಂಟೆ ಹೊಡೆಯಲು ಆರೇ ನಿಮಿಷ, ಮೌಲ್ಯಮಾಪನದ ಹಂತ ಬಾಕಿ. "ಅದು ಮುಂದಿನ ತರಗತೀಲಿ ಬರುತ್ತೆ, ಕೂತ್ಕೊ" ಎಂದುಬಿಟ್ಟೆ. ನಿಜ ಹೇಳಬೇಕೆಂದರೆ ಬಿಎಸ್ಸಿ ಮುಗಿಸಿದ ನನಗೂ ಗೊತ್ತಿರಲಿಲ್ಲ. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಆ ಪ್ರಶ್ನೆಯನ್ನಷ್ಟೇ ಬರೆದು ಅಡಿಗೆರೆ ಎಳೆದಿದ್ದರು.

ಆ ಭಾನುವಾರ ಸಾಗರಕ್ಕೆ, ಮಾವನ ಮುದ್ರಣಾಲಯಕ್ಕೆ ಹೋದೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೆ ಹಿಂದೆ ಮಾಡಿದ್ದ ಕರಪತ್ರದ ವಿನ್ಯಾಸ ಅವರಿಗೆ ಬೇಕಿತ್ತು. ಅದು ಅಟ್ಟದ ಹಳೆಯ ಕಂಪ್ಯೂಟರಿನಲ್ಲಿ, ಸ್ಕಸಿ ಹಾರ್ಡ್ ಡಿಸ್ಕಿನಲ್ಲಿತ್ತು. ಒಮ್ಮೆ ಡಿಸ್ಕ್ ಕಾಣುತ್ತದೆ, ಮತ್ತೊಮ್ಮೆ ಇಲ್ಲ. "ಸತ್ತಿದೆ ಬಿಡು" ಎಂದರು ಮಾವ.

ಸ್ಕಸಿಯಲ್ಲಿ ಒಂದೇ ಪಟ್ಟಿ ಕೇಬಲ್‌ಗೆ ಕಾರ್ಡೂ ಸೇರಿ 8 ಸಾಧನಗಳನ್ನು ಸಿಕ್ಕಿಸಬಹುದು, 0ಯಿಂದ 7ರವರೆಗೆ ಒಂದೊಂದಕ್ಕೆ ಒಂದು ಸಂಖ್ಯೆ. ಸಂಖ್ಯೆ ಸರಿಯಿತ್ತು. ಕೆಟ್ಟಿದ್ದು ಬೇರೆ. ಕೇಬಲ್‌ನ ಎರಡೂ ತುದಿಗಳಲ್ಲಿ, ಅಲ್ಲಿ ಮಾತ್ರ, ಟರ್ಮಿನೇಷನ್ ಇರಬೇಕು. ಹಳೆಯ ಪದ್ಧತಿಯಲ್ಲಿ ಪ್ರತಿ ಸಂಕೇತ ತಂತಿಗೂ 220 ಮತ್ತು 330 ಓಮ್ ರೋಧಕಗಳ ಜೋಡಿ. ಹತ್ತನೇ ತರಗತಿಯ ಸಮಾಂತರ ಜೋಡಣೆಯ ಲೆಕ್ಕ ಹಾಕಿದರೆ 132 ಓಮ್, ಹೆಚ್ಚುಕಡಿಮೆ ಕೇಬಲ್‌ನ ಸ್ವಂತ ಗುಣಕ್ಕೆ ಹೊಂದುವಷ್ಟು. ಅದಿಲ್ಲದಿದ್ದರೆ ಸಂಕೇತ ತುದಿಗೆ ಬಡಿದು ಹಿಂದಕ್ಕೆ ಬಂದು ಮುಂದಿನ ಸಂಕೇತದೊಂದಿಗೆ ಕಲಸಿಹೋಗುತ್ತದೆ. ಪ್ರತಿಧ್ವನಿಯೇ! ಕೊನೆಯಲ್ಲಿದ್ದ ಎರಡನೇ ಡಿಸ್ಕನ್ನು ಯಾರೋ ಹಿಂದೆ ಬಿಚ್ಚಿದ್ದರು. ಅದರ ಜೊತೆ ಟರ್ಮಿನೇಷನ್ನೂ ಹೋಗಿತ್ತು. ಉಳಿದ ಡಿಸ್ಕನ್ನು ಕೇಬಲ್‌ನ ಕೊನೆಯ ಕೊಂಡಿಗೆ ಸಿಕ್ಕಿಸಿ, ಅದರ ಮೈಮೇಲಿನ ಚೀಟಿ ನೋಡಿ 'ಟಿಇ' ಎಂಬಲ್ಲಿ ಜಂಪರ್ ಹಾಕಿದೆ. ಕರಪತ್ರ ಸಿಕ್ಕಿತು.

ಸೋಮವಾರ ಬಾವಿ ಹಗ್ಗ ಹಿಡಿದು ತರಗತಿಗೆ ಹೋದೆ. "ಅವತ್ತು ನನಗೆ ಗೊತ್ತಿರಲಿಲ್ಲ" ಎಂದೇ ಶುರು ಮಾಡಿದೆ. ಹಗ್ಗವನ್ನು ಕಿಟಕಿ ಸರಳಿಗೆ ಬಿಗಿದು ಕೊಡವಿದರೆ ಅಲೆ ತಲೆಕೆಳಗಾಗಿ ವಾಪಸು ಬಂತು. ನಡುವೆ ಉದ್ದನೆಯ ತೆಳು ದಾರ ಕಟ್ಟಿ ತುದಿಯನ್ನು ಸಡಿಲ ಬಿಟ್ಟೆ. ಆಗಲೂ ಬಂತು, ಈ ಸಲ ನೆಟ್ಟಗೆ. ಆಮೇಲೆ ಆ ಹುಡುಗಿಯ ಕೈಗೇ ಕೊಟ್ಟೆ. ಬಿಗಿ ಹಿಡಿದಳು, ಬಂತು. ಸಡಿಲಿಸಿದಳು, ಬಂತು. ಅಲೆ ಬಂದಾಗ ಅದರ ಜೊತೆ ಕೈಯನ್ನು ಸ್ವಲ್ಪ ಬಿಡುವುದು ಏಳೆಂಟು ಸಲಕ್ಕೆ ಅಭ್ಯಾಸವಾಯಿತು. ಅಲೆ ಅಲ್ಲೇ ಕರಗಿತು.

"ಹಾಗಾದ್ರೆ ಆ ಅಲೆ ಎಲ್ಲಿಗೆ ಹೋಯ್ತು ಸರ್?"

ನಿನ್ನ ಕೈಗೆ, ಎಂದೆ. ಪರದೆಯಲ್ಲಾದರೆ ನೂಲಿನ ಸಂದುಗಳಲ್ಲಿ ಗಾಳಿ ಉಜ್ಜಿ ಶಾಖವಾಗುತ್ತದೆ, ರೋಧಕದಲ್ಲೂ ಶಾಖವೇ. ಗಂಟೆ ಹೊಡೆಯಿತು. ಮೌಲ್ಯಮಾಪನದ ಹಂತ ಆ ದಿನವೂ ಉಳಿಯಿತು.