ಗಿಟಾರು, ಡಿಮ್ಮಿ ಮತ್ತು ನಮ್ಮ ಸೀಮೆಯ ಹುಡುಗರು



‘ರಾಕ್ ಬ್ಯಾಂಡ್’ ಎಂದೊಡನೆ ನಮ್ಮ ತಲೆಮಾರಿನವರಿಗೆ ನೆನಪಾಗುವುದು ಉದ್ದಗೂದಲು, ಕಿವಿಗಡಚಿಕ್ಕುವ ಸದ್ದು ಮತ್ತು ಅರ್ಥವಾಗದ ಇಂಗ್ಲಿಷು. ಅದರಲ್ಲಿಯೇ ‘ಇಂಡೀ’ ಎಂಬುದೊಂದು ಬಗೆಯುಂಟು. ಇಂಡೀ ಎಂದರೆ ಸ್ವತಂತ್ರ. ಚಲನಚಿತ್ರದ ಸನ್ನಿವೇಶವನ್ನಾಗಲಿ, ದೊಡ್ಡ ಧ್ವನಿಮುದ್ರಣ ಸಂಸ್ಥೆಯ ಅಪ್ಪಣೆಯನ್ನಾಗಲಿ ಕಾಯದೆ, ನಾಲ್ಕೈದು ಮಂದಿ ಗೆಳೆಯರು ತಾವೇ ಹಾಡು ಕಟ್ಟಿ ಹಾಡುವುದು.

ಕನ್ನಡದಲ್ಲಿ ಈ ದಾರಿಯನ್ನು ದೂರದವರೆಗೆ ನಡೆದವರು ರಘು ದೀಕ್ಷಿತ್. ಮೈಸೂರಿನಲ್ಲಿ ಬೆಳೆದವರು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು, ಭರತನಾಟ್ಯ ಕಲಿತವರು. ಹಲವು ವರ್ಷ ಧ್ವನಿಮುದ್ರಣ ಸಂಸ್ಥೆಗಳ ಬಾಗಿಲು ಬಡಿದರೂ ತೆರೆಯಲಿಲ್ಲ. ಕೊನೆಗೆ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿ 2008ರಲ್ಲಿ ಅವರ ಮೊದಲ ಆಲ್ಬಮ್ ಹೊರತಂದಿತು. ಮುಂದೆ ಮೂರೇ ವರ್ಷಗಳಲ್ಲಿ, 2011ರಲ್ಲಿ, ಆ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿತು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಅವರು ವೇದಿಕೆಯೇರುತ್ತಿದ್ದುದು ನಿಮಗೂ ನೆನಪಿರಬಹುದು.

ಆ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ತತ್ತ್ವಪದಗಳಿದ್ದವು. 1819ರಲ್ಲಿ ಹುಟ್ಟಿ 1889ರಲ್ಲಿ ದೇಹಬಿಟ್ಟ ಶರೀಫರ ಪದಗಳು ಭಜನಾ ಮೇಳಗಳಲ್ಲಿ ಉಳಿದುಬಂದು, 1990ರಲ್ಲಿ ನಾಗಾಭರಣರ ಚಿತ್ರಕ್ಕಾಗಿ ಸಿ. ಅಶ್ವತ್ಥರ ಸಂಗೀತದಲ್ಲಿ ಮನೆಮನೆಗೆ ತಲುಪಿ, ಬಳಿಕ ಗಿಟಾರನ್ನೂ ಏರಿದವು. ವಾದ್ಯ ಪರದೇಶದ್ದಾದರೂ ಮಾತು ನಮ್ಮದೇ ಆಗಿತ್ತು.

ನಮ್ಮ ಜಿಲ್ಲೆಗೆ ಇದೇನೂ ಹೊಸತಲ್ಲ. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರು, 2014ರಲ್ಲಿ ತೀರಿಕೊಂಡ ಮಹಾ ಬುರ್ರಕಥಾ ಕಲಾವಿದೆ, ಅಕ್ಷರ ಕಲಿಯದೆ ಹಲವು ಕಾವ್ಯಗಳನ್ನು ಕಂಠದಲ್ಲಿಟ್ಟುಕೊಂಡಿದ್ದರು. ಅವರು ಕಥೆ ಹೇಳುತ್ತಿದ್ದರೆ, ಡಿಮ್ಮಿಯ ತಾಳಕ್ಕೆ ಸಹಗಾಯಕಿಯರು ಸೊಲ್ಲು ಸೇರಿಸುತ್ತಿದ್ದರು. ಕೆಲವೇ ಜನ, ತಮ್ಮದೇ ವಾದ್ಯ, ತಮ್ಮದೇ ಕಥೆ, ಊರೂರು ತಿರುಗಾಟ. ಇದನ್ನು ಸ್ವತಂತ್ರ ತಂಡವೆನ್ನದೆ ಇನ್ನೇನೆನ್ನೋಣ? ಕನ್ನಡ ವಿಶ್ವವಿದ್ಯಾಲಯವು ಅವರಿಗೆ ನಾಡೋಜ ಗೌರವ ನೀಡಿತು. ಆದರೆ ಅದಕ್ಕೂ ಮೊದಲು ಅವರನ್ನು ಪೊರೆದದ್ದು ಕಣದಲ್ಲಿ ಕುಳಿತು ಕೇಳಿದ ಜನ, ಅವರು ಮರದಲ್ಲಿ ಅಳೆದುಕೊಟ್ಟ ಜೋಳ.

ಇಷ್ಟನ್ನೆಲ್ಲ ಬರೆಯಲು ಕಾರಣವಿದೆ. ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗಿಟಾರ್ ನುಡಿಸುತ್ತಾನೆ. ಕುರುಗೋಡಿನ ಭಜನಾ ಮೇಳದಲ್ಲಿ ಪಳಗಿದ ಗೆಳೆಯನೊಬ್ಬ ಢೋಲಕ್ಕಿಗೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಇನ್ನೊಬ್ಬ ಡ್ರಮ್ಸಿಗೆ. ಮದುವೆಗಳಲ್ಲಿ ಚಿತ್ರಗೀತೆ ಹಾಡಿದರೆ ಅವರಿಗೆ ಹಣ ಸಿಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋಗಿ, ಬೆಳೆಗೆಂದು ಕೂಡಿದ್ದ ನೀರು ಹೊಳೆಯ ಪಾಲಾಗುತ್ತಿದ್ದಾಗ ಭತ್ತದ ರೈತರು ಪಟ್ಟ ಸಂಕಟದ ಮೇಲೆ ಅವರೊಂದು ಹಾಡು ಕಟ್ಟಿದ್ದಾರೆ. ಆ ಹಾಡನ್ನು ಮದುವೆಯಲ್ಲಿ ಯಾರೂ ಕೇಳುವುದಿಲ್ಲ.

ಅವನ ತಂದೆ, ನೀರಾವರಿ ನಂಬಿದ ರೈತರು, ನನ್ನೊಡನೆ ಹೇಳಿದರು: “ಹಾಡು ಚಲೋ ಐತ್ರಿ ಸರ್. ಆದ್ರ ಇದಕ್ಕ ರೊಕ್ಕ ಯಾರು ಕೊಡ್ತಾರ? ಗಿರಣಿ ಕೆಲಸ ಬಿಡಬ್ಯಾಡ ಅಂತ ನೀವಾದ್ರೂ ಹೇಳ್ರಿ.”

ಆ ಮಾತು ತಪ್ಪೆನ್ನಲು ನನಗೆ ನಾಲಗೆ ಬಾರದು. ಕೆಲಸ ಬಿಡಬೇಡವೆಂದೇ ಹುಡುಗನಿಗೆ ಹೇಳಿದೆ, ಹಾಡನ್ನೂ ಬಿಡಬೇಡವೆಂದೆ. ಆದರೆ ತಂದೆಯವರ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಆ ಹುಡುಗನಲ್ಲ, ನಾವು. ಬೇಸಾಯದವರು ಕೇಳಿದ್ದಕ್ಕೆ ಈರಮ್ಮನವರ ಕಥೆಗಳು ಬದುಕಿದವು. ಎಲ್ಲ ತಂಡಗಳೂ ಗ್ಲಾಸ್ಟನ್‌ಬರಿಗೆ ಹೋಗಬೇಕಿಲ್ಲ. ಆದರೆ ಊರಿನ ಹಾಡಿಗೆ ಊರಿನಲ್ಲಿ ಕಿವಿಯಿಲ್ಲದಿದ್ದರೆ ಅದು ಎಲ್ಲಿಗೆ ಹೋದೀತು?

ನಿಮ್ಮಲ್ಲಿ ಹಲವರು ಈಗ ಜಾತ್ರೆ, ಗಣೇಶೋತ್ಸವ, ಶಾಲಾ ವಾರ್ಷಿಕೋತ್ಸವಗಳ ಸಮಿತಿಗಳಲ್ಲಿದ್ದೀರಿ. ಆರ್ಕೆಸ್ಟ್ರಾ ಕರೆಸುವಾಗ ನಡುವೆ ಅರ್ಧ ಗಂಟೆಯನ್ನು ಇಂಥ ಹುಡುಗರ ಸ್ವಂತ ಹಾಡಿಗೆ ಮೀಸಲಿಡಿ. ಸಂಭಾವನೆಯನ್ನು ತಪ್ಪದೆ ಕೊಡಿ. ಮೊದಲ ಸಾಲಿನಲ್ಲಿ ಕುಳಿತು ಕೇಳಲು ನಾನು ಖಂಡಿತ ಬರುತ್ತೇನೆ.