ಸ್ಟೆಫಾನ್ಸನ್ ತಿಂದ ಮಾಂಸ

ಬರೀ ಮಾಂಸ ತಿಂದು ಮನುಷ್ಯ ಬದುಕಬಲ್ಲನೇ ಎಂಬ ಮಾತು ಎಲ್ಲೇ ಎದ್ದರೂ, ಸ್ವಲ್ಪ ಹೊತ್ತಿಗೆ ಯಾರಾದರೊಬ್ಬರು ಸ್ಟೆಫಾನ್ಸನ್ ಹೆಸರು ತೆಗೆಯುತ್ತಾರೆ. ತೆಗೆಯಬೇಕಾದ ಹೆಸರೇ. ಆದರೆ ಅವನ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿಬಿಡುತ್ತಾರಲ್ಲ, ಅದು ಮಾತ್ರ ನನಗೆ ಸಹಿಸದು.

ವಿಲ್ಹ್ಯಾಲ್ಮರ್ ಸ್ಟೆಫಾನ್ಸನ್ 1879ರಲ್ಲಿ ಕೆನಡಾದಲ್ಲಿ ಹುಟ್ಟಿದವನು. ಹೆತ್ತವರು ಐಸ್‌ಲ್ಯಾಂಡಿನಿಂದ ವಲಸೆ ಬಂದವರು. ಉತ್ತರದ ಹಿಮಸೀಮೆಯಲ್ಲಿ ಇನ್ಯುಯಿಟ್ ಜನರ ನಡುವೆ ವರ್ಷಗಟ್ಟಲೆ ಇದ್ದು, ಅವರು ಉಂಡದ್ದನ್ನೇ ಉಂಡು ಬಂದ. ಮೀನು ಮಾಂಸದಲ್ಲೇ ಆರೋಗ್ಯವಾಗಿದ್ದೆ ಎಂದರೆ ಅಮೆರಿಕದ ವೈದ್ಯರು ನಂಬಲಿಲ್ಲ. ಸರಿ, ನೋಡಿಯೇಬಿಡಿ ಎಂದು 1928ರಲ್ಲಿ ಅವನೂ ಅವನ ಸಂಗಡಿಗ ಕಾರ್ಸ್ಟನ್ ಆಂಡರ್ಸನ್ನನೂ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಗೆ ಸೇರಿದರು. ಮೊದಲು ಕೆಲವು ವಾರ ಅಲ್ಲೇ ಕಾವಲಿನಲ್ಲಿ, ಆಮೇಲೆ ಹೊರಗೆ, ಒಟ್ಟು ಒಂದು ವರ್ಷ ಮಾಂಸವೇ ಊಟ. ಹಣ ಕೊಟ್ಟದ್ದು ಅಮೆರಿಕದ ಮಾಂಸೋದ್ಯಮಿಗಳ ಸಂಸ್ಥೆ. ಅಳತೆ ಮಾಡಿದ ವೈದ್ಯರು ಮಾತ್ರ ಪ್ರಾಮಾಣಿಕರು, ಕಂಡದ್ದನ್ನೆಲ್ಲ ಬರೆದಿಟ್ಟರು.

ಶುರುವಿನಲ್ಲೇ ಒಂದು ಪ್ರಸಂಗ ನಡೆಯಿತು. ವೈದ್ಯರ ಅಪೇಕ್ಷೆಯಂತೆ ಸ್ಟೆಫಾನ್ಸನ್ ಕೊಬ್ಬು ತೆಗೆದ ಮಾಂಸವನ್ನಷ್ಟೇ ತಿಂದ. ಎರಡು ಮೂರು ದಿನಕ್ಕೇ ಭೇದಿ, ಸುಸ್ತು, ಹೇಳಲಾಗದ ತಳಮಳ. ಆಗ ಕೊಬ್ಬಿರುವ ಮಾಂಸವೂ, ಬೇಕನ್ ಕೊಬ್ಬಿನಲ್ಲಿ ಹುರಿದ ಮಿದುಳೂ ತಟ್ಟೆಗೆ ಬಂದವು, ಮನುಷ್ಯ ಎದ್ದು ಕೂತ. ಉತ್ತರದ ಬೇಟೆಗಾರರಿಗೆ ಇದು ಹೊಸದಲ್ಲ. ಚಳಿಗಾಲದ ಕೊನೆಗೆ ಬಡಕಲು ಮೊಲಗಳನ್ನೇ ತಿಂದವರು ಹೊಟ್ಟೆ ತುಂಬಿದ್ದರೂ ಸೊರಗುತ್ತಿದ್ದರು. ಪ್ರೋಟೀನಿನಲ್ಲಿರುವ ಸಾರಜನಕವನ್ನು ಯಕೃತ್ತು ಯೂರಿಯಾ ಮಾಡಿ ಸಾಗಹಾಕಬೇಕು. ಆ ಕೆಲಸಕ್ಕೊಂದು ಮಿತಿಯಿದೆ. ಹಾಗಾಗಿ ಅವರಿಬ್ಬರ ವರ್ಷವನ್ನು ಮಾಂಸದ ವರ್ಷ ಎನ್ನುವುದಕ್ಕಿಂತ ಕೊಬ್ಬಿನ ವರ್ಷ ಎನ್ನುವುದೇ ಸರಿ. ಕ್ಯಾಲೊರಿಯ ಮುಕ್ಕಾಲು ಪಾಲು ಬಂದದ್ದು ಕೊಬ್ಬಿನಿಂದ.

ವರ್ಷ ಮುಗಿದಾಗ ಸ್ಕರ್ವಿ ಬಂದಿರಲಿಲ್ಲ, ರಕ್ತದೊತ್ತಡ ಏರಿರಲಿಲ್ಲ, ಮೂತ್ರಪಿಂಡ ಕೆಟ್ಟಿರಲಿಲ್ಲ. ನಮ್ಮ ಮಿತ್ರರು ಇಲ್ಲಿಗೆ ಕಥೆ ನಿಲ್ಲಿಸುತ್ತಾರೆ. ಆದರೆ ಅದೇ ವರದಿಗಳಲ್ಲಿ ಇನ್ನೂ ಇದೆ. ಉದ್ದಕ್ಕೂ ಮೂತ್ರದಲ್ಲಿ ಕೀಟೋನ್, ಅಂದರೆ ಕೊಬ್ಬು ಒಡೆದಾಗ ಹುಟ್ಟುವ ವಸ್ತು, ಹೋಗುತ್ತಿತ್ತು. ದೇಹಕ್ಕೆ ಬರುತ್ತಿದ್ದ ಕ್ಯಾಲ್ಸಿಯಂಗಿಂತ ಹೊರಹೋಗುತ್ತಿದ್ದದ್ದೇ ಹೆಚ್ಚು. ಕೊನೆಗೆ ಗ್ಲೂಕೋಸ್ ಕುಡಿಸಿ ನೋಡಿದರೆ ಅದನ್ನು ಅರಗಿಸಿಕೊಳ್ಳುವ ಶಕ್ತಿ ಕುಗ್ಗಿತ್ತು. ಮಾಮೂಲಿ ಊಟಕ್ಕೆ ಮರಳಿದ ಮೇಲೆ ಅದು ಸುಧಾರಿಸಿತು ಅನ್ನಿ.

ಈ ಕೊನೆಯ ಸಂಗತಿಯ ಬಳಿ ಸ್ವಲ್ಪ ನಿಲ್ಲಬೇಕು. ಮಿದುಳಿಗೆ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ಕೀಟೋನ್ ಅದರ ದೊಡ್ಡ ಪಾಲನ್ನು ತುಂಬಿಕೊಟ್ಟೀತು, ಪೂರ್ತಿ ತುಂಬದು. ಕೆಂಪು ರಕ್ತಕಣಗಳಿಗಂತೂ ಗ್ಲೂಕೋಸ್ ಬಿಟ್ಟು ಗತಿಯಿಲ್ಲ. ಊಟದಲ್ಲಿ ಬಾರದಿದ್ದರೆ ಯಕೃತ್ತು ಅಮೈನೋ ಆಮ್ಲಗಳನ್ನು ಮುರಿದು ತಾನೇ ತಯಾರಿಸುತ್ತದೆ. ಬರಗಾಲದ ಮನೆಯಲ್ಲಿ ಇದ್ದೊಂದು ಲೋಟ ಹಾಲನ್ನು ಕೂಸಿಗೆ ಮೀಸಲಿಟ್ಟು ದೊಡ್ಡವರು ಗಂಜಿಯಲ್ಲಿ ಸುಧಾರಿಸುವ ಹಾಗೆ, ಸ್ನಾಯುಗಳು ಸಕ್ಕರೆ ಮುಟ್ಟದೆ ಕೊಬ್ಬನ್ನೇ ಸುಡುತ್ತವೆ. ಆ ಅಭ್ಯಾಸದಲ್ಲಿರುವಾಗ ಹಬ್ಬಕ್ಕೆಂದು ಎರಡು ಹೋಳಿಗೆ ತಿಂದರೆ ಸಕ್ಕರೆ ರಕ್ತದಲ್ಲೇ ಉಳಿದು ಮೀಟರಿನ ಅಂಕಿ ಜಿಗಿಯುತ್ತದೆ. ವರ್ಷಕ್ಕೆ ಹತ್ತು ಹಬ್ಬ, ಇಪ್ಪತ್ತು ಮದುವೆ ಇರುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

ಹಾಗಾದರೆ ಇನ್ಯುಯಿಟ್ ಜನ ಹೇಗಿದ್ದರು? ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಮತ್ತು ಮರಿ ಕ್ರೋಗ್ ದಂಪತಿ 1908ರಲ್ಲಿ ಗ್ರೀನ್‌ಲ್ಯಾಂಡಿಗೇ ಹೋಗಿ ನೋಡಿದರು. (ಆಗಸ್ಟ್‌ಗೆ 1920ರಲ್ಲಿ ನೊಬೆಲ್ ಬಂತು, ಬೇರೆ ಕೆಲಸಕ್ಕೆ.) ಅವರ ಲೆಕ್ಕದಲ್ಲಿ ಅಲ್ಲಿಯ ದಿನದೂಟದಲ್ಲಿ 280 ಗ್ರಾಂ ಪ್ರೋಟೀನು, 135 ಗ್ರಾಂ ಕೊಬ್ಬು, ಜತೆಗೆ 54 ಗ್ರಾಂ ಕಾರ್ಬೋಹೈಡ್ರೇಟು. ಸೊನ್ನೆಯಲ್ಲ! ಅದರ ಬಹುಪಾಲು ಹಸಿ ಮಾಂಸದಲ್ಲಿದ್ದ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟುಕೊಂಡ ಸಕ್ಕರೆ. ಸಿಕ್ಕ ಕಾಲಕ್ಕೆ ಕಾಡುಹಣ್ಣು, ಕಡಲಪಾಚಿಯನ್ನೂ ಅವರು ಬಿಡುತ್ತಿರಲಿಲ್ಲ. ಅವರಲ್ಲಿ ಬಹಳ ಮಂದಿಗಿರುವ ಒಂದು ಜೀನ್ ವ್ಯತ್ಯಾಸದಿಂದ ದೇಹದಲ್ಲಿ ಕೀಟೋನ್ ಉತ್ಪತ್ತಿಯೇ ಕಡಿಮೆ. ಅಂಥ ನೆಲ, ಅಂಥ ರಕ್ತ, ಅಂಥ ಹಸಿ ಸೀಲ್ ಮಾಂಸ. ಫ್ರಿಜ್ಜಿನಿಂದ ತೆಗೆದ ಬ್ರಾಯ್ಲರ್ ಎದೆತುಂಡಿಗೆ ಆ ಸಾಕ್ಷಿ ಒಪ್ಪುವುದಿಲ್ಲ.

ನಮ್ಮಲ್ಲೂ ಮಾಂಸದೂಟಕ್ಕೇನು ಕೊರತೆ? ಮಂಡ್ಯದ ಕಡೆ ಮಟನ್ ಸಾರಿನ ಪಕ್ಕ ರಾಗಿಮುದ್ದೆ, ಕೊಡಗಿನಲ್ಲಿ ಪಂದಿಕರಿಗೆ ಕಡಂಬುಟ್ಟು, ಮಂಗಳೂರಿನಲ್ಲಿ ಕೋಳಿ ಸಾರಿಗೆ ಗರಿಗರಿ ರೊಟ್ಟಿ. ಸಾರಿನೊಳಗೂ ತೆಂಗು, ಈರುಳ್ಳಿ, ಕೊತ್ತಂಬರಿ. ಗಟ್ಟಿ ಮಾಂಸಾಹಾರಿಗಳ ಮನೆಯಲ್ಲೂ ಮಾಂಸ ಒಂಟಿಯಾಗಿ ಎಲೆಗೆ ಬಂದದ್ದನ್ನು ನಾನು ಕಂಡಿಲ್ಲ. ಈಗಿನ ನಮ್ಮ ಊಟದಲ್ಲಿ ಅನ್ನ, ಮೈದಾ, ಸಕ್ಕರೆಯ ಪಾಲು ಮಿತಿಮೀರಿದೆ, ಕಡಿಮೆಯಾಗಲೇಬೇಕು. ಆದರೆ ಕಡಿಮೆ ಮಾಡುವುದು ಬೇರೆ, ಸೊನ್ನೆಗಿಳಿಸುವುದು ಬೇರೆ.

ಸೊನ್ನೆಗಿಳಿದ ಮೊದಲ ವಾರ ತೂಕ ಸರ್ರನೆ ಇಳಿಯುತ್ತದೆ. ಅದರಲ್ಲಿ ಬಹುಪಾಲು ನೀರು. ದೇಹದ ಗ್ಲೈಕೋಜನ್ ಕರಗುವಾಗ ಪ್ರತಿ ಗ್ರಾಮಿನೊಡನೆ ಸುಮಾರು 3 ಗ್ರಾಂ ನೀರನ್ನೂ ಒಯ್ಯುತ್ತದೆ. ಇನ್ಸುಲಿನ್ ಇಳಿದಾಗ ಮೂತ್ರದಲ್ಲಿ ಸೋಡಿಯಂ ಸೋರುತ್ತದೆ, ತಲೆನೋವು, ಕಾಲು ಹಿಡಿತ ಬರುತ್ತದೆ. ಮೂತ್ರಪಿಂಡದಲ್ಲಿ ಕೀಟೋನಿಗೂ ಯೂರಿಕ್ ಆಮ್ಲಕ್ಕೂ ಪೈಪೋಟಿ, ಗೌಟ್ ಇದ್ದವರ ಹೆಬ್ಬೆರಳು ಊದೀತು. ನಾರು ಸಿಗದೆ ಕರುಳಿನ ಬ್ಯಾಕ್ಟೀರಿಯಾಗಳ ಬಳಗ ಕೆಲವೇ ದಿನದಲ್ಲಿ ಬದಲಾಗುತ್ತದೆ. ಕೆಲವರಿಗೆ ಎಲ್‌ಡಿಎಲ್ ಕೊಲೆಸ್ಟ್ರಾಲ್ ಹೌಹಾರುವಷ್ಟು ಏರುತ್ತದೆ. ಅಪಸ್ಮಾರದ ಮಕ್ಕಳಿಗೆ ಕಾರ್ಬೋಹೈಡ್ರೇಟು ತೀರ ಕಡಿಮೆಯಿರುವ ಕೀಟೋ ಆಹಾರ ಕೊಡುವ ಪದ್ಧತಿ 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಅವರ ಸಲಹೆಯಿಂದ ಬಂದದ್ದು. ಇವತ್ತಿಗೂ ಎಷ್ಟೋ ಮಕ್ಕಳಿಗೆ ವರವಾಗಿದೆ. ಅಲ್ಲಿಯೂ ಕೆಲವರಿಗೆ ಮೂತ್ರಪಿಂಡದ ಕಲ್ಲು ಬರುತ್ತದೆ, ಬೆಳವಣಿಗೆ ನಿಧಾನವಾಗುತ್ತದೆ. ಅದಕ್ಕೇ ವೈದ್ಯರು ಬೆನ್ನಿಗೇ ಇರುತ್ತಾರೆ.

ನನಗೆ ನಿಜಕ್ಕೂ ಭಯವಿರುವುದು ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಲೇ, ವೈದ್ಯರಿಗೆ ತಿಳಿಸದೆ ಈ ಬರೀ ಮಾಂಸದ ಪಥ್ಯ ಹಿಡಿಯುವವರ ಬಗ್ಗೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯ ಔಷಧಿಗಳೇ. ಊಟದಲ್ಲಿ ಕಾರ್ಬೋಹೈಡ್ರೇಟು ಸೊನ್ನೆಯಾಗಿ, ಈ ಮಾತ್ರೆಯೂ ಸೇರಿದರೆ ಕೀಟೋನ್ ಏರಿ ರಕ್ತ ಆಮ್ಲವಾಗಬಹುದು. ಮೋಸವೆಂದರೆ ಆಗ ಎಷ್ಟೋ ಸಲ ಮೀಟರಿನಲ್ಲಿ ಸಕ್ಕರೆ 250 ದಾಟಿರುವುದಿಲ್ಲ, ಮನೆಯವರು ನಿಶ್ಚಿಂತರಾಗಿರುತ್ತಾರೆ. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಯಾವ ಮಾತ್ರೆ, ಎಂಥ ಊಟ ಎಂಬುದನ್ನು ಮೊದಲೇ ಹೇಳಿ, ರಕ್ತದ ಕೀಟೋನ್ ನೋಡಿ ಎಂದು ಬಾಯಿಬಿಟ್ಟು ಕೇಳಬೇಕು.