ಎರಡು ದೋಣಿಯ ಮೇಲೆ ಕಾಲು

ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಮೂವತ್ತು ವರ್ಷ ಶೇಂಗಾದ ಲೆಕ್ಕ ಬರೆದ ನನಗೆ ಅರವತ್ತು ದಾಟಿದ ಮೇಲೆ ಸಮುದ್ರದ ಹುಚ್ಚು ಹಿಡಿಯಿತು. ಸಣ್ಣ ಹುಚ್ಚಲ್ಲ. ಕೊಂಡರೆ ಅಲ್ಯೂಮಿನಿಯಂ ಮೈಯ, ಹಾಯಿ ಕಟ್ಟಿದ, ಒಳಗೆ ಅಡುಗೆಮನೆಯೂ ಮಲಗುವ ಕೋಣೆಯೂ ಇರುವ ಕಟಮರನ್ನನ್ನೇ ಕೊಳ್ಳಬೇಕು! ಅಲ್ಲಿಯವರೆಗೆ ನಾನು ಕೊಂಡಿದ್ದು ಒಂದು ಸೈಕಲ್ಲು, ಒಂದು ಸ್ಕೂಟರು.

ತಪ್ಪು ವಾಣಿವಿಲಾಸ ಸಾಗರದ್ದು. 2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆಯ ಆ ಅಣೆಕಟ್ಟು ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ನಮ್ಮಪ್ಪ ಹುಟ್ಟಿ, ಬಿತ್ತಿ, ಮುಗಿಲು ನೋಡಿ ನೋಡಿ ತೀರಿಕೊಂಡ ಅಷ್ಟೂ ಕಾಲ ಆ ಕೋಡಿ ಒಣಗಿಯೇ ಇತ್ತು. ಜಾತ್ರೆಯಂತೆ ನೆರೆದ ಜನ ಸೆಲ್ಫಿ ತೆಗೆದುಕೊಂಡು, ಮಂಡಕ್ಕಿ ಮೆಣಸಿನಕಾಯಿ ತಿಂದು ಬಸ್ಸು ಹತ್ತಿದರು. ನಾನು ತಲೆಯಲ್ಲೊಂದು ದೋಣಿ ಹೊತ್ತುಕೊಂಡು ಬಂದೆ.

"ಎರಡು ದೋಣಿ ಮೇಲೆ ಕಾಲಿಡಬಾರದು ಅಂತ ಹಿರಿಯರು ಹೇಳಿಲ್ವೇನ್ರೀ?" ಎಂದಳು ಹೆಂಡತಿ, ಕಟಮರನ್ನಿನ ಚಿತ್ರ ನೋಡಿ.

"ಅದಕ್ಕೇ ಕಣೇ, ಎರಡನ್ನೂ ಸೇರಿಸಿ ಕಟ್ಟಿರೋದು."

ಕಟಮರನ್ ಎಂಬ ಹೆಸರು ತಮಿಳಿನ ಕಟ್ಟುಮರದಿಂದ ಬಂದದ್ದು. ನಮಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮರ ಹೋಗಿ ಲೋಹ ಬಂದರೂ ಹೆಸರಿನಲ್ಲಿ ಮರ ಉಳಿದಿದೆ, ನಮ್ಮೂರ ಹೆಸರಿನಲ್ಲಿ ಕೆರೆ ಉಳಿದ ಹಾಗೆ.

ಅವಳ ಮುಂದಿನ ಆಕ್ಷೇಪ ಅಡುಗೆಮನೆಯಿಂದ ಬಂತು. "ಸಿಲ್ವರ್ ಪಾತ್ರೇಲಿ ಹುಣಸೆ ಸಾರು ಇಟ್ರೇ ಕೆಡುತ್ತೆ. ಅದರಲ್ಲಿ ಕೂತು ಉಪ್ಪುನೀರಿಗೆ ಹೋಗ್ತಾರಂತೆ!" ನಾನು ಓದಿದ್ದನ್ನೆಲ್ಲ ಒಪ್ಪಿಸಿದೆ: ಇದು ಮೆಗ್ನೀಷಿಯಂ ಬೆರೆಸಿದ 5083 ಎಂಬ ಜಾತಿ, ತೂಕ ಉಕ್ಕಿನ ಮೂರನೇ ಒಂದು ಪಾಲು, ಬಂಡೆಗೆ ತಾಗಿದರೆ ಫೈಬರಿನಂತೆ ಬಿರಿಯುವ ಬದಲು ನೆಗ್ಗುತ್ತದೆ, ನೀರಿನ ಮೇಲಿನ ಭಾಗಕ್ಕೆ ಬಣ್ಣವೂ ಬೇಕಿಲ್ಲ. ಇಷ್ಟಕ್ಕೆ ಸುಮ್ಮನಾಗಬೇಕಿತ್ತು. ಲೆಕ್ಕ ಬರೆದ ಚಾಳಿ. ಖರ್ಚಿನ ಕಡೆಯದನ್ನೂ ಓದಿಬಿಟ್ಟೆ. ಈ ಲೋಹಕ್ಕೆ ತಾಮ್ರವೆಂದರೆ ಆಗದು. ಉಪ್ಪುನೀರಿನಲ್ಲಿ ಎರಡೂ ಒಂದಕ್ಕೊಂದು ತಾಗಿದರೆ ತಾಮ್ರ ಹಾಗೇ ಇದ್ದು ಅಲ್ಯೂಮಿನಿಯಂ ಸವೆಯುತ್ತದೆ. ಬೇರೆ ದೋಣಿಗಳ ತಳಕ್ಕೆ ಪಾಚಿ ಹಿಡಿಯದಂತೆ ಬಳಿಯುವ ತಾಮ್ರದ ಬಣ್ಣ ಇದಕ್ಕೆ ನಿಷಿದ್ಧ. ತಳದಲ್ಲಿ ನಿಂತ ನೀರಿಗೆ ತಾಮ್ರದ ಕಾಸೊಂದು ಬಿದ್ದು ಮರೆತುಹೋದರೂ ಸಾಕು, ಮೆಲ್ಲಗೆ ತೂತು ಕೊರೆದೀತು.

"ಹಂಗಾದ್ರೆ ನಮ್ಮಮ್ಮ ಕೊಟ್ಟ ತಾಮ್ರದ ಚೊಂಬು?"

"ಮನೇಲೇ ಇರ್ಲಿ."

"ನಾನೂ ಮನೇಲೇ ಇರ್ತೀನಿ."

ಅವಳ ತವರು ಮೊಳಕಾಲ್ಮೂರು. ಆ ಊರವರು ಹಿಡಿದ ಮೊಲಕ್ಕೆ ಕಾಲು ಮೂರೇ ಎಂದು ನಾನು ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದೇನೆ, ಮನಸ್ಸಿನಲ್ಲಿ. ಅಲ್ಲಿ ಮಗ್ಗದ ಮುಂದೆ ಕೂತಿದ್ದ ಅವಳ ಅಣ್ಣನ ಮಗನಿಗೆ ಹಾಯಿಯ ವಿಷಯ ಹೇಳಿದೆ. ಲಾಳಿ ನಿಲ್ಲಿಸದೆ ಕೇಳಿದ: "ಮಾವ, ಅಂಚು ಯಾವ ಬಣ್ಣದ್ದು ಹಾಕ್ಲಿ?"

ನನಗೆ ಮೊದಲ ಕಟಮರನ್ ಸಿಕ್ಕಿದ್ದು ಎಂಟನೇ ವಯಸ್ಸಿನಲ್ಲಿ, ನಮ್ಮ ಹೊಲದ ಬಾವಿಯಲ್ಲಿ. ಒಣಗಿದ ಎರಡು ಸೋರೆಬುರುಡೆಗಳನ್ನು ಹಗ್ಗದಲ್ಲಿ ಬಿಗಿದು, ಎರಡು ಕಂಕುಳಿಗೂ ಒಂದೊಂದು ಸಿಕ್ಕಿಸಿ ಅಪ್ಪ ನನ್ನನ್ನು ನೀರಿಗೆ ನೂಕಿದ್ದ. ಮುಳುಗಲಿಲ್ಲ. ಆಮೇಲೆ ಮುಳುಗಿದ್ದು ಬಾವಿಯೇ: ಮೆಟ್ಟಿಲು ಮೆಟ್ಟಿಲಾಗಿ ನೀರು ಕೆಳಗಿಳಿದು, ಬರಿ ಗುಂಡಿಯಾಗಿ, ಕೊನೆಗೆ ಅದರ ಪಕ್ಕದಲ್ಲೇ ಕೊಳವೆಬಾವಿ ಬಂತು. ಆರಂಗುಲದ ತೂತಿನಲ್ಲಿ ಈಜು ಕಲಿತವರಿಲ್ಲ. ನನ್ನ ಮಗನಿಗೆ ಈಜು ಬರುವುದಿಲ್ಲ.

ಬಲ್ಲವರು ಹೇಳುವುದು ಒಂದೇ: ಮೊದಲ ದೋಣಿ ಚಿಕ್ಕದಿರಲಿ, ಗಾಳಿಯ ಪಾಠ ಅದರಲ್ಲಿ ಕಲಿ. ಕಟಮರನ್ ವಾಲದು, ಟೀ ಲೋಟ ಮೇಜಿನ ಮೇಲೆ ನಿಂತಲ್ಲೇ ನಿಂತಿರುತ್ತದೆ. ಆದರೆ ಅಪ್ಪಿತಪ್ಪಿ ಮಗುಚಿತೋ, ತಾನಾಗಿ ಎದ್ದು ಕೂರುವ ಜಾತಿಯಲ್ಲ. ಭಾರ ಹೆಚ್ಚಾದರೂ ಅದಕ್ಕೆ ಸಿಟ್ಟು. ನಮ್ಮ ಮನೆಯವರು ಮೂರು ದಿನಕ್ಕೆ ಕಟ್ಟುವ ರೊಟ್ಟಿ, ಶೇಂಗಾ ಚಟ್ನಿಪುಡಿಯ ಗಂಟು ನೋಡಿದವರು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾರರು.

ಚಳ್ಳಕೆರೆಗೂ ನೌಕೆಗೂ ಎಲ್ಲಿಯ ಸಂಬಂಧ ಎಂದು ನಗುವವರಿಗೆ ಒಂದು ಮಾತು. 2023ರ ಏಪ್ರಿಲ್ 2ರಂದು ಇಸ್ರೋದವರು ರೆಕ್ಕೆಯಿರುವ ತಮ್ಮ ಪ್ರಯೋಗದ ನೌಕೆಯನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟು, ನಮ್ಮ ತಾಲ್ಲೂಕಿನ ರನ್‌ವೇಯಲ್ಲೇ ಇಳಿಸಿದರು. ಆಕಾಶದ ನೌಕೆ ಬಂದ ಊರಿಗೆ ನೀರಿನದು ಬರಬಾರದೇ?

ನಲವತ್ತು ಅಡಿ ಉದ್ದದ ಕಟಮರನ್ನಿನ ಅಗಲ ಇಪ್ಪತ್ತೆರಡು ಅಡಿ ಹತ್ತಿರ ಬರುತ್ತದೆ. ಬಡಾವಣೆಯಲ್ಲಿ ನನ್ನದೊಂದು ಮೂವತ್ತು-ನಲವತ್ತರ ಖಾಲಿ ಸೈಟಿದೆ. ಆಚೆಗೆ ನಾಲ್ಕು, ಈಚೆಗೆ ನಾಲ್ಕು ಅಡಿ ಸೆಟ್‌ಬ್ಯಾಕ್ ಕೂಡ ಉಳಿಯುತ್ತದೆ. ಒಂದು ಬೆಳಿಗ್ಗೆ ಟೇಪು ಹಿಡಿದು ಹೋಗಿ ಸುಣ್ಣದ ಪುಡಿಯಲ್ಲಿ ಎರಡೂ ದೋಣಿಗಳ ಆಕಾರ ಬರೆದು, ನಡುವೆ ಸ್ವಲ್ಪ ಹೊತ್ತು ಕೂತು ಬಂದೆ. ಗಾಳಿ ಚೆನ್ನಾಗಿತ್ತು.

ಈಗ ಆ ಗೆರೆಗಳ ಒಳಗೆ ಪಕ್ಕದ ಮನೆಯವರು ಶೇಂಗಾ ಒಣಹಾಕಿದ್ದಾರೆ.